ಖಾಲಿ ತೂಕ

ಸಿಲಿಂಡರಿನ ಕೊರಳ ಪಟ್ಟಿಯ ಮೇಲೆ ಬರೆದಿರುತ್ತದೆ ಖಾಲಿ ತೂಕ:
ಹದಿನೈದು ಪಾಯಿಂಟ್ ಮೂರು, ಹದಿನೈದು ಪಾಯಿಂಟ್ ಆರು.
ನಾನು ಓದುವುದಿಲ್ಲ. ಎಡಭುಜವೇ ಹೇಳುತ್ತದೆ,
ಹನ್ನೊಂದು ವರ್ಷ ಕಾಜುಬಾಗ, ಹಬ್ಬುವಾಡದ
ಮಹಡಿಗಳನ್ನು ಹತ್ತಿಳಿದ ಭುಜ.
ಅನುಮಾನದ ಗಿರಾಕಿಗೆ ತೋರಿಸಲೆಂದು
ಏಜೆನ್ಸಿಯವರು ಕೊಟ್ಟ ಕೊಕ್ಕೆತಕ್ಕಡಿಯೊಂದಿದೆ.
ಭಾನುವಾರ ಅದನ್ನು ಚೀಲಕ್ಕೆ ಹಾಕಿಕೊಂಡೆ.

"ಸೈಕಲ್ ಅಂಗಡಿಗೆ ತಕ್ಕಡಿಯಾ?" ಹೆಂಡತಿ ನಕ್ಕಳು.
"ಬಂಗಡೆ ತರೋಕೆ ಹೊರಟ ಹಾಗಿದೆ."

ಪ್ರಾಚಿಗೆ ಬೇಕಾದ್ದು ಕೆಂಪು.
ಮುಂದೆರಡು ಶಾಕ್, ಸೀಟಿನಡಿ ದಪ್ಪ ಸ್ಪ್ರಿಂಗು,
ಮೊಸಳೆಯ ಬೆನ್ನಿನಂಥ ಟೈರು, ಇಪ್ಪತ್ತೊಂದು ಗೇರು.
"ಗುಡ್ಡಳ್ಳಿ ಏನು, ಹಿಮಾಲಯವನ್ನೇ ಹತ್ತುತ್ತದೆ"
ಅಂದರು ಪಾವಸ್ಕರ್.
ಹತ್ತುತ್ತದೆ, ಸರಿ. ಹತ್ತಿಸುವವರು ಯಾರು?

ಕೊಕ್ಕೆಗೆ ಸಿಕ್ಕಿಸಿ ಎತ್ತಿದೆ.
ಮುಳ್ಳು ಇಳಿದು ಇಳಿದು ಹದಿನಾರರಲ್ಲಿ ನಿಂತಿತು.
ಶಾಲೆಯ ಕಾರ್ಡಿನಲ್ಲಿ ಮಗಳು ಇಪ್ಪತ್ತನಾಲ್ಕು.
ಬಿಲ್ ಪುಸ್ತಕದ ಬೆನ್ನಿಗೆ ಲೆಕ್ಕ ಹಾಕಿದೆ:
ಅರವತ್ತಾರು ಕಿಲೋದ ನನ್ನ ಹೆಗಲಿಗೆ
ಒಂದು ತುಂಬಿದ್ದು, ಅದರ ಮೇಲೊಂದು ಖಾಲಿ
ಹೇರಿದ ಹಾಗೆ. ಹೇರಿ,
ಹೋಗು, ಖುಷಿಯಾಗಿ ಆಡು ಅಂದ ಹಾಗೆ.

"ಶಾಕ್ ಇದ್ದರೆ ಮೈ ಕುಲುಕೋದಿಲ್ಲ ನೋಡಿ."
ಕೂರು ಅಂದೆ. ಕೂತಳು.
ಸ್ಪ್ರಿಂಗು ಅವಳನ್ನು ಗಮನಿಸಲೇ ಇಲ್ಲ.
ಬ್ರೇಕಿನ ಹಿಡಿಗೆ ಬೆರಳ ತುದಿ ಮಾತ್ರ ತಾಗಿತು,
ಎತ್ತರದ ಡಬ್ಬಿಗೆ ಕೈಚಾಚಿದಂತೆ.

"ಒಂದು ಸೈಜ್ ದೊಡ್ಡದೇ ಒಯ್ಯಿರಿ, ಮಕ್ಕಳು ಬೆಳೀತಾರೆ."
ಗೊತ್ತು. ಬೆಳೆಯುತ್ತಾನೆಂದೇ ನನಗೆ
ಏಳನೆಯ ತರಗತಿಯ ಚಪ್ಪಲಿಯನ್ನು
ಐದರಲ್ಲೇ ಕೊಡಿಸಿದ್ದರು.
ಬೈತಖೋಲದ ಮರಳಿನಲ್ಲಿ ಎರಡು ವರ್ಷ
ನಾನು ಮುಂದೆ, ಚಪ್ಪಲಿ ಹಿಂದೆ.
ಕಾಲಿಗೆ ಸರಿಯಾಗುವ ಹೊತ್ತಿಗೆ ಪಟ್ಟಿ ಹರಿದಿತ್ತು.

ಹಗುರದ್ದು ಇಲ್ಲವೇ?
ಇದೆ, ಹುಬ್ಬಳ್ಳಿಯಿಂದ ತರಿಸಬೇಕು, ಇಪ್ಪತ್ತೈದು ಸಾವಿರ.
ನನ್ನ ಭಾಷೆಯಲ್ಲಿ ಅದು
ಮೂರನೆಯ ಮಹಡಿ, ಕೈಗೆ ಇಪ್ಪತ್ತು ರೂಪಾಯಿ,
ಸಾವಿರದ ಇನ್ನೂರೈವತ್ತು ಸಲ.

ನನ್ನ ಮುಖ ನೋಡಿ ಪಾವಸ್ಕರ್
ಹಿಂದಿನ ಕೋಣೆಯಿಂದ ಇನ್ನೊಂದನ್ನು ಉರುಳಿಸಿ ತಂದರು.
ನೇವಿಯವರ ಮನೆಯದು. ವಿಶಾಖಪಟ್ಟಣಕ್ಕೆ ವರ್ಗವಾಗಿ
ಮಾರಿಕೊಡಿ ಅಂತ ಬಿಟ್ಟುಹೋದದ್ದು.
ಅಲ್ಯೂಮಿನಿಯಂ. ಆಷಾಢದ ಸಮುದ್ರದ ಬೂದುಬಣ್ಣ.
ಶಾಕ್ ಇಲ್ಲ, ಗಾಳಿ ತುಂಬಿದ ದಪ್ಪ ಟೈರೇ ಶಾಕ್.
ಉಪ್ಪುಗಾಳಿ ಸರಪಳಿಯನ್ನು ತಿನ್ನಲು ಶುರುಮಾಡಿತ್ತು,
ಮೈಯನ್ನು ಮುಟ್ಟಿರಲಿಲ್ಲ.
ಕೆಳಗಿನ ಕೊಳವೆಯ ಮೇಲೆ ಮಾರ್ಕರಿನಲ್ಲಿ
ಯಾವನೋ ಹುಡುಗನ ಹೆಸರು, ಅರ್ಣವ್.

ಒಂಬತ್ತಕ್ಕೆ ಕೂದಲೆಳೆಯಷ್ಟು ಕಡಿಮೆ.
ತಕ್ಕಡಿ ಕೆಟ್ಟಿತೇನೋ ಅಂತ ಕೊಕ್ಕೆ ಬಿಚ್ಚಿ
ಭುಜವನ್ನು ಕೇಳಿದೆ.

ಮಗಳು ಅತ್ತ ನೋಡಲೂ ಇಲ್ಲ.
ನನ್ನ ಲೆಕ್ಕವನ್ನು ಅವಳಿಗೆ ಓದಿ ಹೇಳಲಿಲ್ಲ ನಾನು.
ಎರಡನ್ನೂ ಅಂಗಡಿಯ ಕಟ್ಟೆ ಹತ್ತಿಸು ಅಂದೆ.
ಕೆಂಪಿನ ಮುಂದಿನ ಚಕ್ರ ಎದ್ದಿತು,
ಹಿಂದಿನದು ನೆಲದಲ್ಲೇ ಮುನಿಸಿಕೊಂಡು ನಿಂತಿತು.
ಬೂದುಬಣ್ಣದ್ದು ಕಟ್ಟೆಯ ಮೇಲಿತ್ತು,
ಯಾವಾಗ ಎತ್ತಿದಳೋ.
ಅವಳು ನಗಲಿಲ್ಲ. ಆಟದಲ್ಲಿ ಮೋಸ ಮಾಡಿದವನನ್ನು
ನೋಡುವಂತೆ ನೋಡಿದಳು.

"ಕೆಂಪು ಬಣ್ಣ ಹೊಡೆಸಬಹುದಾ?"
ಬಣ್ಣಕ್ಕೂ ತೂಕ ಇದೆ ಅಂದೆ.
"ಎಷ್ಟು?"
ಭುಜಕ್ಕೆ ಗೊತ್ತಿರಲಿಲ್ಲ.

ಬೈತಖೋಲದಲ್ಲಿ ರಸ್ತೆಯಿಂದ ನಮ್ಮ ಮನೆಗೆ ನಲವತ್ತೊಂದು ಮೆಟ್ಟಿಲು.
ಸೈಕಲನ್ನು ಅವಳೇ ಹೊತ್ತಳು.
ಹಿಂದೆ ನಾನು, ಬಿದ್ದರೆ ಹಿಡಿಯಲು ಎರಡೂ ಕೈ ಚಾಚಿ;
ಏನನ್ನೂ ಹೊರದೆ ಆ ಮೆಟ್ಟಿಲು ಹತ್ತುವುದು
ಹೇಗೆಂದು ನನ್ನ ಕಾಲಿಗೆ ಮರೆತಿತ್ತು.

ಇಪ್ಪತ್ತಾರರಲ್ಲಿ, ನಾನು ದಿನಾ ಕೂರುವಲ್ಲೇ,
ಅವಳೂ ಕೂತಳು.
ಕೆಳಗೆ ಬಂದರಿನ ದೀಪ ಹತ್ತುತ್ತಿತ್ತು.
ಉಗುರಿನಿಂದ ಆ ಹುಡುಗನ ಹೆಸರಿನ ಮೊದಲ ಅಕ್ಷರ ಕೆರೆದಳು,
ಯಾಕೋ ಅಷ್ಟಕ್ಕೇ ಬಿಟ್ಟಳು.

"ಪಪ್ಪಾ, ನನ್ನ ಖಾಲಿ ತೂಕ ಎಷ್ಟು?"

ಊಟಕ್ಕೆ ಮೊದಲೋ, ಆಮೇಲೋ ಅಂತ ಕೇಳಿದೆ.
ಉತ್ತರ ಕೊಡದೆ ಎದ್ದು
ಸೈಕಲನ್ನು ಇನ್ನೊಂದು ಭುಜಕ್ಕೆ ಬದಲಾಯಿಸಿದಳು.
ಹದಿನೈದು ಮೆಟ್ಟಿಲು ಉಳಿದಿದ್ದವು.