ಹಿಂಬದಿ

ದೋನ್ ಎರಾಸ್ಮೊ ಬಾರ್ರಿಯಾ ಮೇಷ್ಟ್ರು ಹೋದ ಮೇಲೆ
ಒಲೆಯ ಮೇಲಿನ ಅಟ್ಟದಿಂದ ಇಳಿದವು
ಹನ್ನೊಂದು ಆಲೂಗಡ್ಡೆ ಚೀಲ,
ಒಳಗೆಲ್ಲ ಕಾಗದ.
ಹೊಗೆ ಕುಡಿದು ಕುಡಿದು ಕಂದಿದ್ದವು. ಆ ಹೊಗೆಯೇ
ಚಿಲೋಯೆಯ ಬೂಷ್ಟನ್ನು ದೂರವಿಟ್ಟಿದ್ದು
ಅಂದರು ಸಂಗ್ರಹಾಲಯದವರು, ಮೂಗು ಮುಚ್ಚಿಕೊಂಡೇ.

ನನ್ನ ಪಾಲಿಗೆ ಗುಂಡುಸೂಜಿಯ ತುಕ್ಕು,
ಮಸಿ ಕೊಡವುವ ಕುಂಚ.
ಜಿಪುಣ ಮನುಷ್ಯ. ಇಡೀ ದ್ವೀಪದ ಚರಿತ್ರೆಯನ್ನು
ನಮ್ಮ ಪರೀಕ್ಷೆಯ ಹಾಳೆಗಳ ಬೆನ್ನಿಗೆ ಬರೆದಿಟ್ಟಿದ್ದಾರೆ:
ಯಾವ ದೋಣಿ ಯಾರ ಕೈಯದು,
ಚರ್ಚಿನ ಹಲಗೆಗೆ ಕೊಟ್ಟ ಕೂಲಿ ಎಷ್ಟು ಕುರಿ,
ಕಡಲು ಎದ್ದು ಬಂದ ದಿನ
ಯಾರ ಮನೆ ಎಷ್ಟು ಹೆಜ್ಜೆ ತೇಲಿತು.

‘ಮುಂಬದಿ ಯಾವುದು?’ ಅಂತ ಫಾರಮ್ಮಿನಲ್ಲೊಂದು ಕಲಂ.
ಒಂದೇ ಬದಿಯ ಸ್ಕ್ಯಾನಿಗೆ ದುಡ್ಡು ಮಂಜೂರು.

ಏಳನೇ ಚೀಲದಲ್ಲಿ ಸಿಕ್ಕಿತು, ಸೀಸದಕಡ್ಡಿಯ ಅಕ್ಷರ:
ಓತಿಲಿಯಾ ನಾವೆಲ್ಕಿನ್, ನಾಲ್ಕನೇ ಇಯತ್ತೆ.
ಹದಿನೇಳೆಂಟ್ಲಿ ನೂರಾ ಇಪ್ಪತ್ತಾರು.
ಮೇಲೆ ಕೆಂಪು ಗೀಟು, ಹಾಳೆ ಹರಿಯುವಷ್ಟು ಒತ್ತಿ.
ನಾನೇ.

ಮಗುಚಿದರೆ ನನ್ನಜ್ಜಿ.
‘ಅಲೆಗೆ ಸಿಕ್ಕಿ ಹೋದವರನ್ನು ಬೆರಳು ಮಡಿಸಿ ಎಣಿಸಿದಳು.
ಮೊದಲು ಹನ್ನೆರಡು ಅಂದಳು, ಆಮೇಲೆ ಹದಿಮೂರು.
ಮತ್ತೆ ಕೇಳಲಿಲ್ಲ. ಎರಡನ್ನೂ ಬರೆದುಕೊಂಡಿದ್ದೇನೆ.’
ಗೀಟಿಲ್ಲ ಅಲ್ಲಿ. ಕೆಂಪು ಶಾಯಿ
ಹಿಂದಿನಿಂದ ಒಂದಿಷ್ಟು ಇಳಿದಿದೆ, ಅಷ್ಟೆ.

ಕಲಮ್ಮಿನಲ್ಲಿ ‘ಎರಡೂ’ ಎಂದು ತುಂಬಿದೆ.
ದುಡ್ಡೆಲ್ಲಿಂದ ಅಂತ ನಾಳೆ ಕೇಳುತ್ತಾರೆ.
ಇನ್ನೂ ನಾಲ್ಕು ಚೀಲ ಬಿಚ್ಚಬೇಕು.
ಹದಿನೇಳೆಂಟ್ಲಿ ನೂರಾ ಮೂವತ್ತಾರು, ಮೇಷ್ಟ್ರೇ.