ಉಪ್ಪು ತಿಂದ ಗಾಡಿ

ಉಯೂನಿಯ ಕೊನೆಯ ಬೀದಿ, ತಗಡಿನ ಶೆಡ್ಡು, ಎಂದಿನ ಗಾಳಿ.
ವಿಲ್ಬೆರ್ ವಾರಾಚಿ ಗಾಡಿ ತಳ್ಳಿಕೊಂಡು ಬಂದ.
'ಹಿಂದೆ ಏನೋ ಕೀರಲು.
ನಾಲ್ಕು ತೊಟ್ಟು ಎಣ್ಣೆ ಬಿಟ್ಟರೆ ಹೋದೀತು.'

ಪ್ರಿಮಿಟೀವಾ ಉತ್ತರ ಕೊಡಲಿಲ್ಲ.
ಸೀಟಿನ ಮೇಲೆ ಎರಡೂ ಅಂಗೈ ಊರಿ
ಒಮ್ಮೆ ಅದುಮಿ ಬಿಟ್ಟಳು.
ಗಾಡಿ ಎದ್ದಿತು,
ಮಂಡಿ ಹಿಡಿದವರು ಕುರ್ಚಿಯಿಂದ ಏಳುವ ಹಾಗೆ.
'ಉಪ್ಪಿನ ಬಯಲಿಗೆ ಹೋಗಿದ್ದೆಯಾ?'
'ಮಳೆ ನಿಂತಾಗಿನಿಂದ ದಿನಾ.'
'ತೊಳೆದೆಯಾ?'
ಅವನು ತನ್ನ ಬೂಟು ನೋಡಿಕೊಂಡ.

ಎಂಜಿನ್ನಿನಡಿ ಮರದ ಪೆಟ್ಟಿಗೆ ಕೊಟ್ಟು
ಚಕ್ರ ಕಳಚಿದೆ, ಚೈನು, ಆಮೇಲೆ ಶಾಕ್.
ಸ್ವಿಂಗ್ ಆರ್ಮಿನ ಉದ್ದನೆ ಬೋಲ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ.
ಡೀಸೆಲ್ ಉಣಿಸಿದೆವು. ಕಾಯಿಸಿದೆವು.
ಕೋಕಾ ಎಲೆ ಜಗಿಯುತ್ತ ಕಾದೆವು.
ಮರದ ತುಂಡು ಅಡ್ಡವಿಟ್ಟು ಅವಳು ಹೊಡೆದ ನಾಲ್ಕನೇ ಏಟಿಗೆ
ಬೆರಳಗಲ ಸರಿಯಿತು
ಕಂದು ನೀರು ಕಾರುತ್ತ.

ಲಿಂಕಿನ ಎಡಗಡೆ ಬೇರಿಂಗು ಪುಡಿಪುಡಿ.
ಬಲಗಡೆಯದರ ಹೊಳಪು ಸತ್ತಿತ್ತು, ಮೈ ಕೆಟ್ಟಿರಲಿಲ್ಲ.
ಅದರ ಸೂಜಿಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಎಣಿಸಿದೆ,
ಇಪ್ಪತ್ತಾರು.
'ಇನ್ನೊಂದು?'
ನೆಲ, ಚಿಂದಿ, ತಟ್ಟೆಯ ತಳ, ನನ್ನ ತೋಳಿನ ಮಡಿಕೆ.
ಅರ್ಧ ಗಂಟೆ.
ಸಿಕ್ಕಿದ್ದು ಅವಳದೇ ಲಂಗದ ನೆರಿಗೆಯಲ್ಲಿ.
ಬೈಯಲು ತೆರೆದ ಬಾಯನ್ನು
ಹಾಗೇ ಮುಚ್ಚಿಕೊಂಡಳು.

ಗ್ರೀಸಿನ ಡಬ್ಬಿಗೆ ಮೂರು ಬೆರಳು.
'ಮೇಲೆ ಸವರಬೇಡ, ಅದು ಮದುವೆ ಅಲಂಕಾರ.
ಒಳಗೆ ತುಂಬು. ಉಪ್ಪಿಗೆ ಕೂರಲು ಜಾಗ ಸಿಗಬಾರದು.'
ಗ್ರೀಸು ಮೆತ್ತಿದ ಒಳಗೋಡೆಗೆ
ಸೂಜಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದೆ.
ಕೊನೆಯದು ಬಿಗಿಯಾಗಿ ಕೂತಾಗ
ಉಳಿದವೆಲ್ಲ ಬೀಳುವುದನ್ನು ಮರೆತವು.
ಶಾಕಿನ ಹೊಳೆವ ಕಂಬಿಗೆ ಬರೀ ಒಣಬಟ್ಟೆ.
ಯಾಕೆಂದು ಕೇಳಿದ್ದಕ್ಕೆ,
'ಧೂಳಿಗೆ ಜಿಡ್ಡೆಂದರೆ ಪ್ರಾಣ.'

ಸಂಜೆ ವಿಲ್ಬೆರ್ ಕೂತು ನೋಡಿದ, ಎದ್ದು ಕೂತ,
ಕುಣಿದು ಕೂತ. ಕಿವಿಗೊಟ್ಟ.
'ಏನೂ ಕೇಳುವುದೇ ಇಲ್ಲವಲ್ಲ.
ಇದಕ್ಕೆ ಇಷ್ಟು ದುಡ್ಡೇ?'
'ಇದಕ್ಕೇ.'

ಎಣಿಸಿ ಕೊಟ್ಟ. ಹೊರಟ, ಮತ್ತೆ ಆ ಬಿಳಿಯ ಕಡೆಗೇ.
'ಉಪ್ಪು ತಿಂದ ಮೇಲೆ ನೀರು ಕುಡಿಸಬೇಕು ಕಣೋ,
ಅದೇ ರಾತ್ರಿ!'
ಅವಳ ಕೂಗು ಗಾಳಿಗೆ ಸಿಕ್ಕಿ
ರೈಲು ಹಳಿಯ ಕಡೆ ಹಾರಿತು.

ನಾನು ರೊಟ್ಟಿ ಮುರಿದೆ.
ಎಷ್ಟು ತೊಳೆದರೂ
ಉಗುರ ಸಂದಿಯಲ್ಲಿ ಒಂದಿಷ್ಟು ಗ್ರೀಸು.
ಉಪ್ಪು ಕಮ್ಮಿ ಅನಿಸಿತು. ಹೇಳಲಿಲ್ಲ.