ರಸಮಟ್ಟ

ಟಿಮಾರುವಿನ ಕೋರ್ಟಿಗೆ ಮೆಟ್ಟಿಲುಗಳಿವೆ,
ಪಕ್ಕದಲ್ಲಿ ಗಾಲಿಕುರ್ಚಿಗೆಂದು ಇಳಿಜಾರು.
ಇಳಿಜಾರಿನಲ್ಲೇ ನಡೆದೆ.
ಕೋರ್ಟಿನ ಮೆಟ್ಟಿಲು ಹತ್ತಿದವಳು
ಎನ್ನಿಸಿಕೊಳ್ಳುವುದು ಬೇಡವಿತ್ತು.

ನಮ್ಮಜ್ಜಿಯ ಅಜ್ಜ ಒಮ್ಮೆ ಹತ್ತಿದ್ದನಂತೆ, ನೆಲದ ದಾವೆಗೆ.
ಆರು ತಿಂಗಳು ಪೇಟೆಯಲ್ಲಿ ಬಿಡಾರ.
ವಕೀಲನಿಗೆ ಸಾಲ, ಮೋಜಣಿಯವನಿಗೆ ಸಾಲ,
ಅಂಗಡಿಯ ಹಿಟ್ಟಿಗೂ ಸಾಲ.
ಗೆದ್ದ. ಗೆದ್ದ ನೆಲವನ್ನೇ ಮಾರಿ ಸಾಲ ತೀರಿಸಿ
ಕಂಬಳಿ ಹೊದ್ದು ಮನೆಗೆ ಬಂದ.
ಗೆದ್ದವನು ಸೋತ ಎಂಬುದು
ನಮ್ಮ ಮನೆಯಲ್ಲಿ ಗಾದೆಯಲ್ಲ, ಲೆಕ್ಕ.

ನನ್ನದು ನೆಲದ ದಾವೆಯಲ್ಲ. ಬೇಲಿಯದು.
ಮೂವತ್ತೊಂದು ಕಂಬ, ಹಲಗೆ, ಮೊಳೆ, ಕಾಂಕ್ರೀಟು,
ಒಂಬತ್ತು ದಿನದ ರಟ್ಟೆ.
ಬಾಕಿ ಸಾವಿರದ ಎಂಟುನೂರ ನಲವತ್ತು ಡಾಲರು.
ಕೊಡುವುದಿಲ್ಲ ಎಂದರು ಲಾಕ್ಲಿ ಮೇಷ್ಟ್ರು.
ಬೇಲಿ ವಾಲಿದೆಯಂತೆ.

ಇಲ್ಲಿ ವಕೀಲರನ್ನು ಒಳಗೆ ಬಿಡುವುದಿಲ್ಲ.
ಕಪ್ಪು ಕೋಟಿಲ್ಲ, ಕಟಕಟೆಯಿಲ್ಲ, ಸುತ್ತಿಗೆಯಿಲ್ಲ.
ಸುತ್ತಿಗೆ ನನ್ನ ವ್ಯಾನಿನಲ್ಲಿತ್ತು.
ತೀರ್ಪು ಕೊಡುವಾಕೆಯನ್ನು ರೆಫರಿ ಎನ್ನುತ್ತಾರೆ;
ಪೀಪಿ ಇದೆಯೇ ಎಂದು ಕೊರಳು ನೋಡಿದೆ,
ಕನ್ನಡಕದ ದಾರವೊಂದೇ ಇತ್ತು.

ಹಿಂದಿನ ರಾತ್ರಿ ವ್ಯಾನಿನ ಕನ್ನಡಿಯ ಮುಂದೆ
ಬಾಯಿಪಾಠ ಮಾಡಿದ್ದೆಲ್ಲ
ಬಾಗಿಲು ದಾಟುತ್ತಲೇ ಗಂಟಲಲ್ಲಿ ಸಿಮೆಂಟಾಯಿತು.
‘ರೋಯಿಮಾತಾ ಪೊಹಾತು ಅವರೇ, ಮೊದಲು ನೀವು.’
ಬಿಸ್ಕತ್ತಿನ ಡಬ್ಬಿ ತೆರೆದೆ.
ರಸೀದಿಗಳ ಜೊತೆ ಮೇಜಿನ ಮೇಲೆ
ಒಂದಿಷ್ಟು ಪುಡಿಯೂ ಉದುರಿತು.

ಮೇಷ್ಟ್ರ ಕಡತಕ್ಕೆ ಬಣ್ಣಬಣ್ಣದ ಕಿವಿಗಳು.
ನಲವತ್ತು ವರ್ಷ ಗಣಿತ ಕಲಿಸಿದವರು.
ಫೋಟೊ ಆಯಿತು, ಕೋನಮಾಪಕ ಆಯಿತು,
ಕೊನೆಗೆ ಚೀಲದಿಂದ ರಸಮಟ್ಟ ತೆಗೆದು
ಮೇಜಿನ ನಡುವೆ ಇಟ್ಟರು,
ಸುಳ್ಳು ಹೇಳದ ಸಾಕ್ಷಿಯನ್ನು ಕೂರಿಸಿದಂತೆ.

ಹಸಿರು ನೀರಿನಲ್ಲಿ ಗುಳ್ಳೆ
ಮೆಲ್ಲಗೆ ಎಡಕ್ಕೆ ಸರಿದು, ಗೆರೆ ದಾಟಿ, ನಿಂತಿತು.
ಮೂವರೂ ನೋಡಿದೆವು.
ವಾಲಿದ್ದದ್ದು ಕೋರ್ಟಿನ ಮೇಜು.

ಯಾರೂ ನಗಲಿಲ್ಲ.
ರೆಫರಿ ಒಂದು ಕಾಗದ ಮಡಚಿ
ಬಲಗಡೆಯ ಕಾಲಿಗೆ ಕೊಟ್ಟರು. ಸಾಲಲಿಲ್ಲ.
ಇನ್ನೊಂದು ಮಡಿಕೆ.
‘ಈಗ ಹೇಳಿ, ಎಷ್ಟು ಕಂಬ?’
‘ಎರಡು,’ ಎಂದರು ಮೇಷ್ಟ್ರು. ‘ಅಕ್ರೋಟದ ಮರದ ಹತ್ತಿರ.’

ಆಗ ನೆನಪಾಯಿತು ಡೈರಿ.
ಮಾರ್ಚ್ ಹನ್ನೆರಡು, ಪೆನ್ಸಿಲಿನಲ್ಲಿ, ಅಳತೆಗಳ ಸಂದಿನಲ್ಲಿ:
ಬೇರು ಕಡಿಯಬೇಡ ಅಂದರು. ಮಗಳ ಉಯ್ಯಾಲೆಯ ಮರವಂತೆ.
ಕಂಬ ಆಳಕ್ಕೆ ಇಳಿಯದು ಅಂದೆ.
ಪರವಾಗಿಲ್ಲ ಅಂದರು.

ಡೈರಿ ಮೇಷ್ಟ್ರ ಮುಂದೆ ಹೋಯಿತು.
ನನ್ನ ಕಾಗುಣಿತ ಕಂಡು ಅವರ ಬೆರಳು
ಜೇಬಿನಲ್ಲಿ ಕೆಂಪು ಪೆನ್ನಿಗೆ ತಡಕಿದವು.
ಆಮೇಲೆ, ‘ಹೌದು, ನಾನೇ ಅಂದದ್ದು.’
ಐವತ್ತು ನಿಮಿಷದಲ್ಲಿ ಅವರು ಆಡಿದ
ಎಲ್ಲಕ್ಕಿಂತ ಚಿಕ್ಕ ವಾಕ್ಯ.

ಆದರೂ ಪೂರ್ತಿ ಸಿಗಲಿಲ್ಲ.
ಬೇರಿನ ಮಾತನ್ನು ಅವತ್ತೇ ಅವರಿಗೆ ಬರೆದು ಕೊಡಬೇಕಿತ್ತು,
ವಾಲುವುದೆಂದು ಗೊತ್ತಿದ್ದೂ ನೆಟ್ಟ ಕೈ ನಿಮ್ಮದಲ್ಲವೆ, ಎಂದರು ರೆಫರಿ.
ಸಾವಿರದ ಆರುನೂರು. ಇಪ್ಪತ್ತೆಂಟು ದಿನದೊಳಗೆ.

ಹೋದ ಇನ್ನೂರ ನಲವತ್ತಕ್ಕಾಗಿ
ಇಳಿಜಾರು ಇಳಿಯುವ ತನಕ ಒಳಗೊಳಗೇ ವಾದಿಸಿದೆ.
ಬಾಯಿಪಾಠದ ಮಾತೆಲ್ಲ ಈಗ ಬಂದವು,
ಒಂದಕ್ಷರ ತಪ್ಪದೆ.

ಹೊರಗೆ ವಾಯವ್ಯದ ಬಿಸಿಗಾಳಿ.
ಟೋಪಿ ಅದುಮಿ ಹಿಡಿದು ಮೇಷ್ಟ್ರು ಕೇಳಿದರು:
ಆ ಎರಡು ಕಂಬ ನೆಟ್ಟಗೆ ಮಾಡಲು ಎಷ್ಟಾದೀತು?
‘ಇನ್ನೂರ ನಲವತ್ತು,’ ಎಂದೆ. ‘ಮುಂಗಡ. ಬರಹದಲ್ಲಿ.’
ನಕ್ಕರೋ, ಗಾಳಿಗೆ ಕಣ್ಣು ಕಿರಿದಾಯಿತೋ.

ರಸಮಟ್ಟವನ್ನು ಒಳಗೇ ಮರೆತು ಬಂದಿದ್ದರು.
ತರಲು ಹೋದರು,
ಒಂದೊಂದೇ ಮೆಟ್ಟಿಲು ಹತ್ತಿ.